ಅಪ್‌ಡೇಟ್: ರಂಗನತಿಟ್ಟಿನ ದೋಣಿಯಿಂದ ನದಿ ರೀವದ ಫೋಟೋ

ಅಲುಗಾಡುವ ದೋಣಿಯಲ್ಲಿ ಕೂತು ಹಾರುವ ನದಿ ರೀವಗಳ (ರಿವರ್ ಟರ್ನ್ ಹಕ್ಕಿಗಳ) ಫೋಟೋ ತೆಗೆಯೋದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ನಿಮ್ಮ ಸಲಹೆಗಳು ನಿಜಕ್ಕೂ ಕೆಲಸ ಮಾಡಿದವು!

ಟ್ರೈಪಾಡ್ ಬಿಟ್ಟು ಕೈಯಲ್ಲೇ ಕ್ಯಾಮೆರಾ ಹಿಡಿದೆ. ಶಟರ್ ವೇಗ 1/2000 ಸೆಕೆಂಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ಬಿಳಿ ಗರಿಗಳು ಬೆಳ್ಳಗೆ ಸುಟ್ಟಂತೆ ಕಾಣಬಾರದು ಅಂತ ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಸ್ವಲ್ಪ ಇಳಿಸಿದೆ. ರೀವದ ಹಳದಿ ಕೊಕ್ಕು, ಕಪ್ಪು ಟೋಪಿ ಎರಡೂ ಸ್ಪಷ್ಟವಾಗಿ ಬಂದಿವೆ. ಚಮಚದ ಕೊಕ್ಕಿನ ಹಕ್ಕಿಗಳಿಗೂ ಇದೇ ಸೆಟ್ಟಿಂಗ್ ಸಾಕಾಯ್ತು.

ಒಂದು ಮಾತು ಮಾತ್ರ ಒತ್ತಿ ಹೇಳ್ತೀನಿ. ರೀವಗಳು ಗೂಡು ಕಟ್ಟುವುದಿಲ್ಲ, ಬೇಸಿಗೆಯಲ್ಲಿ ಬರೀ ಬಂಡೆ ಇಲ್ಲವೇ ಮರಳಿನ ಮೇಲೇ ಮೊಟ್ಟೆ ಇಡುತ್ತವೆ. ದೋಣಿ ತೀರಾ ಹತ್ತಿರ ಹೋದರೆ ಹಕ್ಕಿ ಎದ್ದು ಹಾರುತ್ತದೆ, ಮೊಟ್ಟೆ ಸುಡುಬಿಸಿಲಿಗೆ ಬೀಳುತ್ತದೆ. ಕಾಗೆ, ಹದ್ದುಗಳ ಕಾಟ ಬೇರೆ. ಹಾಗಾಗಿ ‘ಇನ್ನೂ ಹತ್ತಿರ ಹೋಗಿ’ ಅಂತ ದೋಣಿಯವರನ್ನು ದಯವಿಟ್ಟು ಒತ್ತಾಯಿಸಬೇಡಿ. 400 ಎಂಎಂ ಲೆನ್ಸ್ ಇದ್ದರೆ ದೂರದಿಂದಲೇ ಚೆನ್ನಾಗಿ ಸಿಗುತ್ತದೆ.

ಬೆಳಗಿನ ಮೊದಲ ದೋಣಿಗೇ ಹೋಗಿ. ಬಿಸಿಲೇರಿದ ಮೇಲೆ ಬಂಡೆಗಳ ಕಾವಿಗೆ ಗಾಳಿ ನಡುಗಿ, ಎಷ್ಟೇ ಒಳ್ಳೆ ಲೆನ್ಸ್ ಇದ್ದರೂ ಚಿತ್ರ ಮಸುಕಾಗುತ್ತದೆ.