ಮಳೆಗಾಲದಲ್ಲಿ ಒಪಿನೆಲ್ ಚಾಕು: ಸಹಾಯ ಬೇಕು

ಚಾಕು ಪ್ರಿಯರಿಗೆಲ್ಲ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ನನ್ನ ಹತ್ತಿರ ಇರುವುದು ಒಪಿನೆಲ್ ನಂಬರ್ 8, ಅಲಗು ಹಿಡಿಯೊಳಗೆ ಮಡಚುವ ಚಾಕು, ತುಕ್ಕು ಹಿಡಿಯುವ ಕಾರ್ಬನ್ ಸ್ಟೀಲ್. ಫ್ರಾನ್ಸಿನಲ್ಲಿ 1890ರಿಂದ ಬಂದ ಕಂಪನಿ, ನನಗೆ ಇದರಷ್ಟು ಇಷ್ಟವಾದ ಚಾಕು ಬೇರೆ ಇಲ್ಲ.

ಸಂಜೆ ಗೆಳೆಯರು ಸೇರಿದರೆ ಅವರಿಗೆ ತಣ್ಣಗಿನ ಬಿಯರ್, ನನಗೆ ಮುರುಗಲು ಶರಬತ್ತು. ಹಣ್ಣು, ನಿಂಬೆ ಕೊಯ್ಯುವ ಕೆಲಸವೆಲ್ಲ ಈ ಚಾಕುವಿನದೇ. ಹುಳಿ ತಾಗಿ ಅಲಗು ನೀಲಿ ಕಪ್ಪಾಗಿದೆ. ಅದು ತುಕ್ಕಲ್ಲ, ಇರಲಿ, ಚೆಂದವೇ. ಆದರೆ ಮಳೆ ಶುರುವಾದ ಮೇಲೆ ಹಿಡಿಯ ಹತ್ತಿರ ಕೆಂಪು ಚುಕ್ಕೆ ಎದ್ದಿದೆ. ಬೀಚ್ ಮರದ ಹಿಡಿ ಉಬ್ಬಿ, ಉಗುರು ಹಾಕಿ ಎಳೆದರೂ ಅಲಗು ಬರುತ್ತಿಲ್ಲ.

ಹಣ್ಣಿಗೆ ತಾಗುವ ಅಲಗು ಅಲ್ವಾ, ಮೆಷಿನ್ ಎಣ್ಣೆ ಬೇಡ. ಕೊಬ್ಬರಿ ಎಣ್ಣೆ ಸಾಕಾ? ಹಿಡಿಗೆ ಅಗಸೆ ಎಣ್ಣೆ ಕುಡಿಸಿದವರು ಯಾರಾದರೂ ಇದ್ದೀರಾ? ಆಗುಂಬೆ, ಹೊಸನಗರ ಕಡೆಯವರು ಹೇಳಿದರೆ ಜಾಸ್ತಿ ಉಪಕಾರ. ಸ್ಟೇನ್‌ಲೆಸ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ.