ಬೇಸ್‌ಬಾಲಿಗೆ ಅಪ್ಪ ಯಾರು?

"ಬೇಸ್‌ಬಾಲ್ ಹುಟ್ಟಿದ ಕಥೆಗೆ ಒಂದು ಒಳ್ಳೆ ಪುಸ್ತಕ ಹೇಳಿ ಅತ್ತಿಗೆ, ಒಂದೇ ಸಾಕು," ಅಂದ ಸೀನ. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಅವನ ಮನೆಯ ಹಿತ್ತಲು, ಭಾನುವಾರ, ಮೆಣಸಿನಕಾಯಿ ಬಜ್ಜಿ. ಅವನ ಮಗ ಶಾಲೆಯ ಪ್ರಬಂಧದಲ್ಲಿ "1839ರಲ್ಲಿ ಕೂಪರ್ಸ್‌ಟೌನ್ ಎಂಬ ಊರಲ್ಲಿ ಅಬ್ನರ್ ಡಬಲ್‌ಡೇ ಕಂಡುಹಿಡಿದರು" ಅಂತ ಒಂದೇ ಸಾಲು ಬರೆದು ಕೈತೊಳಕೊಂಡಿದ್ದಾನಂತೆ.

ನನ್ನ ಹೆಂಡತಿ ಮಾಲತಿಗೆ ಕೆಲಸ ಲೈಬ್ರರಿಯಲ್ಲಿ. ಈ ಪ್ರಶ್ನೆಗೆ ಅವಳು ಬಜ್ಜಿಯನ್ನೇ ಕೆಳಗಿಟ್ಟಳು ಅಂದರೆ ವಿಷಯ ಗಂಭೀರ ಅಂತಲೇ ಲೆಕ್ಕ.

"ಅದು ಸುಳ್ಳು ಕಣಪ್ಪ. 1839ರಲ್ಲಿ ಡಬಲ್‌ಡೇ ಇದ್ದದ್ದು ಕೂಪರ್ಸ್‌ಟೌನಿನಲ್ಲಲ್ಲ, ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯಲ್ಲಿ ಕೆಡೆಟ್ ಆಗಿದ್ದ."

"ಸುಳ್ಳಾ? ಆ ಊರಲ್ಲಿ ಮ್ಯೂಸಿಯಮ್ಮೇ ಇದೆ! ದುಡ್ಡು ಕೊಟ್ಟು ನೋಡಿ ಬಂದಿದೀನಿ."

ಸೀನನ ಮಾವ ಶಾಮರಾಯರು ಮೈಸೂರಲ್ಲಿ ಸಬ್‌ರಿಜಿಸ್ಟ್ರಾರ್ ಆಗಿದ್ದವರು. "ಸಾಕ್ಷಿ ಯಾರಮ್ಮಾ?" ಅಂದರು.

"ಅಬ್ನರ್ ಗ್ರೇವ್ಸ್ ಅಂತ ಒಬ್ಬ ಗಣಿ ಇಂಜಿನಿಯರ್. 1905ರಲ್ಲಿ ಪತ್ರಿಕೆಗೆ ಕಾಗದ ಬರೆದ, ನಾನು ಕಣ್ಣಾರೆ ಕಂಡೆ ಅಂತ. ಆ 1839ರಲ್ಲಿ ಅವನಿಗೆ ಐದು ವರ್ಷ."

"ಐದು ವರ್ಷದ ಹುಡುಗ ಕಂಡಿದ್ದನ್ನ ಅರವತ್ತಾರು ವರ್ಷ ಬಿಟ್ಟು ಹೇಳಿದನೇ? ಒಂದು ಗುಂಟೆ ಜಾಗದ ಕ್ರಯಪತ್ರಕ್ಕೂ ನಾನು ಅವನ ರುಜು ತಗೋತಿರಲಿಲ್ಲ."

"ಆಮೇಲೆ 1924ರಲ್ಲಿ ಹೆಂಡತಿಗೆ ಗುಂಡು ಹಾರಿಸಿ ಹುಚ್ಚಾಸ್ಪತ್ರೆ ಸೇರಿದ, ರಾಯರೇ."

ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡೆ.

ಮಾಲತಿಯ ಪ್ರಕಾರ ಮೊದಲು ಓದಬೇಕಾದ್ದು ಆಟದ ಕಥೆಯನ್ನಲ್ಲ, ಈ ಸುಳ್ಳಿನ ಕಥೆಯನ್ನ. ಅದಕ್ಕೆ ಜಾನ್ ಥಾರ್ನ್ ಅವರ 'ಬೇಸ್‌ಬಾಲ್ ಇನ್ ದ ಗಾರ್ಡನ್ ಆಫ್ ಈಡನ್', 2011ರದು. ಹೆನ್ರಿ ಚ್ಯಾಡ್ವಿಕ್ ಎಂಬ ಇಂಗ್ಲೆಂಡಿನಲ್ಲಿ ಹುಟ್ಟಿದ ಪತ್ರಕರ್ತ, ಇದು ನಮ್ಮೂರ ರೌಂಡರ್ಸ್ ಆಟದ ಮಗು ಅಂತ ಬರೆದ. ಆಟದ ಸಾಮಾನು ಮಾರುತ್ತಿದ್ದ ಆಲ್ಬರ್ಟ್ ಸ್ಪಾಲ್ಡಿಂಗನಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಆಟದ ಮೂಲ ಹುಡುಕಲು ಆಯೋಗ ಕೂಡಿಸಿದ, ಅದರ ತಲೆಯಾಳು ಮಿಲ್ಸ್ ಡಬಲ್‌ಡೇಯ ಗೆಳೆಯ. 1907ರ ಕೊನೆಗೆ ಅಪ್ಪಟ ಅಮೆರಿಕನ್ ಅಪ್ಪ ಸಿದ್ಧ. ಡಬಲ್‌ಡೇ ಸತ್ತು ಹದಿನಾಲ್ಕು ವರ್ಷವಾಗಿತ್ತು, ಪಾಪ. ಬದುಕಿದ್ದಾಗ ಆತ ಇದು ತನ್ನ ಆಟ ಅಂತ ಎಲ್ಲೂ ಹೇಳಿಕೊಂಡವನಲ್ಲ.

"ರಾಯರೇ, ಡಬಲ್‌ಡೇ ಥಿಯಾಸಫಿಯವನು, ಗೊತ್ತಾ? ಆ ಸೊಸೈಟಿ ಕಟ್ಟಿದ ಬ್ಲಾವಟ್‌ಸ್ಕಿ, ಆಲ್ಕಾಟ್ ಇಬ್ಬರೂ ಇಂಡಿಯಾಕ್ಕೆ ಹಡಗು ಹತ್ತಿದಾಗ ಅಮೆರಿಕದ ಸೊಸೈಟಿಯನ್ನು ಇವನ ಕೈಗೆ ಕೊಟ್ಟು ಬಂದರು."

"ಅಡ್ಯಾರಿನ ಸೊಸೈಟಿನಾ? ಅನಿಬೆಸೆಂಟಮ್ಮನದು?" ರಾಯರು ಕನ್ನಡಕ ಸರಿಮಾಡಿಕೊಂಡರು. "ಹಾಗಾದರೆ ಮನುಷ್ಯ ಒಳ್ಳೆಯವನೇ ಇರಬೇಕು."

"ಬೆಸೆಂಟ್ ಸೊಸೈಟಿಗೆ ಅಧ್ಯಕ್ಷೆಯಾದದ್ದೂ ಅದೇ 1907ರಲ್ಲಿ. ಸ್ಪಾಲ್ಡಿಂಗನ ಎರಡನೇ ಹೆಂಡತಿಯೂ ಥಿಯಾಸಫಿಯವಳೇ. ಇದನ್ನೆಲ್ಲ ಥಾರ್ನ್ ಪತ್ತೇದಾರಿ ಕಥೆ ಹಾಗೆ ಬರೀತಾರೆ. ಒಂದೊಂದು ಕಡೆ ಹೆಸರುಗಳ ಸಂತೆಯಾಗಿ ತಲೆ ಸುತ್ತುತ್ತೆ, ಅದನ್ನ ಹಾರಿಸಿ ಓದಬೇಕು."

ಲೈಬ್ರರಿಯವಳೇ ಹಾರಿಸಿ ಓದಿ ಅಂದಮೇಲೆ ಸೀನನಿಗೆ ಧೈರ್ಯ ಬಂತು. "ಅಂದರೆ ಚ್ಯಾಡ್ವಿಕ್ ಹೇಳಿದ್ದೇ ನಿಜ, ರೌಂಡರ್ಸೇ ಅಪ್ಪ?"

"ಅದೂ ಅಲ್ಲ!" ಮಾಲತಿಗೆ ಖುಷಿಯೋ ಖುಷಿ. "ಡೇವಿಡ್ ಬ್ಲಾಕ್ ಅವರ 'ಬೇಸ್‌ಬಾಲ್ ಬಿಫೋರ್ ವಿ ನ್ಯೂ ಇಟ್', 2005. ಇಂಗ್ಲೆಂಡಿನಲ್ಲಿ 'ಬೇಸ್‌ಬಾಲ್' ಅನ್ನೋ ಹೆಸರು 1744ರ ಮಕ್ಕಳ ಪುಸ್ತಕದಲ್ಲೇ ಅಚ್ಚಾಗಿದೆ. 1796ರಲ್ಲಿ ಒಬ್ಬ ಜರ್ಮನ್ ಮೇಷ್ಟ್ರು ಗುಟ್ಸ್‌ಮುಟ್ಸ್ ಅದರ ನಿಯಮಾನೂ ಬರೆದಿಟ್ಟಿದಾನೆ. ರೌಂಡರ್ಸ್ ಅಚ್ಚಿನಲ್ಲಿ ಕಾಣೋದು 1828ಕ್ಕೆ."

"ಅಪ್ಪ ಅಂದುಕೊಂಡವನು ತಮ್ಮನಾದ," ಅಂದರು ರಾಯರು. "ವಂಶವೃಕ್ಷ ತಿದ್ದಬೇಕು."

"1755ರಲ್ಲಿ ವಿಲಿಯಂ ಬ್ರೇ ಅನ್ನೋ ಹುಡುಗ ಡೈರಿ ಬರೆದಿದಾನೆ. ಈಸ್ಟರ್ ಸೋಮವಾರ, ಗಿಲ್ಡ್‌ಫರ್ಡ್ ಊರು. ಬೆಳಗ್ಗೆ ಚರ್ಚು, ಊಟ ಆದಮೇಲೆ ಪರಿಚಯದ ಹುಡುಗಿಯರು, ಗೆಳೆಯರು ಸೇರಿ ಬೇಸ್‌ಬಾಲು, ಆಮೇಲೆ ಟೀ, ರಾತ್ರಿ ಎಂಟರವರೆಗೆ ಅಲ್ಲೇ ಠಿಕಾಣಿ."

"ಆಟಕ್ಕೆ ಹೋದದ್ದು ಯಾತಕ್ಕೆ ಅಂತ ಅರ್ಥವಾಯಿತು," ಅಂದ ಸೀನ.

"ಇಲ್ಲಿ ಅಮೆರಿಕದಲ್ಲಿ 1791ರಲ್ಲೇ ಪಿಟ್ಸ್‌ಫೀಲ್ಡ್ ಊರಿನವರು ಹೊಸ ಸಭಾಭವನದ ಕಿಟಕಿ ಒಡೆದಾವು ಅಂತ, ಎಂಬತ್ತು ಗಜದೊಳಗೆ ಬೇಸ್‌ಬಾಲ್ ಆಡಕೂಡದು ಅಂತ ಕಟ್ಟಳೆ ಮಾಡಿದ್ದರು. ಡಬಲ್‌ಡೇ ಆಗ ಹುಟ್ಟಿರಲೇ ಇಲ್ಲ."

ಕ್ರಿಕೆಟ್ಟಿನ ಮಾತಿಲ್ಲದೆ ರಾಯರಿಗೆ ಚಡಪಡಿಕೆ. ಅದೂ ಇತ್ತು: 1844ರಲ್ಲಿ ಅಮೆರಿಕ, ಕೆನಡಾ ತಂಡಗಳು ನ್ಯೂಯಾರ್ಕಿನಲ್ಲಿ ಕ್ರಿಕೆಟ್ ಆಡಿದ್ದವು. ಅದಾಗಿ ಎರಡು ವರ್ಷಕ್ಕೆ, ನಮ್ಮ ಪಕ್ಕದ ಹೊಬೊಕೆನ್ನಿನಲ್ಲಿ, ನಿಕರ್‌ಬಾಕರ್ ಕ್ಲಬ್ಬಿನವರು ತಾವೇ ಬರೆದಿಟ್ಟ ನಿಯಮದಂತೆ ಬೇಸ್‌ಬಾಲ್ ಆಡಿ 23–1ರಲ್ಲಿ ಸೋತರು. "ನಿಯಮ ಬರೆದವರೇ?" ಅಂತ ರಾಯರು ನಕ್ಕಿದ್ದು ಪಕ್ಕದ ಮನೆಗೂ ಕೇಳಿರಬೇಕು. ಓಡುವವನಿಗೆ ಲಗೋರಿಯ ಹಾಗೆ ಚೆಂಡಲ್ಲಿ ಬೀಸಿ ಹೊಡೆದು ಔಟ್ ಮಾಡುವ ಪದ್ಧತಿಯನ್ನು ಬಿಡಿಸಿದ್ದು ಆ ನಿಯಮವೇ.

"ಇನ್ನು ಹೆರಾಲ್ಡ್ ಸೀಮೋರ್ ಅವರ 'ಬೇಸ್‌ಬಾಲ್: ದಿ ಅರ್ಲಿ ಇಯರ್ಸ್'," ಅಂದಳು ಮಾಲತಿ, ಸ್ವರ ಬದಲಾಗಿತ್ತು. "1960ರದು. ವ್ಯವಹಾರ, ಸಂಬಳ, ಜಗಳ ಎಲ್ಲ ಅದರಲ್ಲಿದೆ. ಹೆಂಡತಿ ಡೊರೊಥಿ ಜೊತೆಜೊತೆಗೆ ದುಡಿದು ಬರೆದದ್ದು. ಮುಖಪುಟದಲ್ಲಿ ಗಂಡನ ಹೆಸರು ಮಾತ್ರ. ಪ್ರಕಾಶಕರು ಅವಳ ಹೆಸರು ಒಪ್ಪಿಕೊಂಡಿದ್ದು 2010ರಲ್ಲಿ."

ಇದನ್ನು ಹೇಳುವಾಗ ನನ್ನನ್ನು ಯಾಕೆ ನೋಡಿದಳೋ ತಿಳಿಯದು. ನಾನು ಬರೆಯುವುದು ವಾರಕ್ಕೊಂದು ಹರಟೆ ಮಾತ್ರ. ಒಳಗೆ ಹೋಗಿ ಚಟ್ನಿ ತಂದೆ.

"ಎಲ್ಲ ಸೇರಿ ಎಷ್ಟು ಪುಟ ಅತ್ತಿಗೆ?" ಸೀನ ಸೋತಿದ್ದ.

"ಸೀಮೋರರದೇ ಮೂರು ಸಂಪುಟ."

"ನೋಡೋದಕ್ಕೇನೂ ಇಲ್ವಾ? ಟಿವಿಯಲ್ಲಿ?"

"ಇದೆಯಲ್ಲ. 1994ರಲ್ಲಿ ಕೆನ್ ಬರ್ನ್ಸ್ ಮಾಡಿದ್ದು. ಹದಿನೆಂಟು ಗಂಟೆಗೂ ಹೆಚ್ಚು."

ಸೀನ ಬಜ್ಜಿಯ ಖಾರಕ್ಕೋ ಏನೋ ಕಣ್ಣೊರೆಸಿಕೊಂಡ. "ಪುಸ್ತಕವೇ ವಾಸಿ. ಅದರಲ್ಲಿ ತೆಳ್ಳಗಿರೋದು ಯಾವುದು?"