ಶೀನಣ್ಣನ ವಿಗ್ಗು, ಬ್ರೌಸರಿನ ಕಸ

"ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣದ ಟೆಂಪರರಿ ಫೈಲುಗಳು ಇರುತ್ತವಂತೆ. ಇವತ್ತೇ ಎಲ್ಲ ತೆಗೆದುಹಾಕಬೇಕು" ಎಂದರು ಶೀನಣ್ಣ.

ಭಾನುವಾರ ಸಂಜೆ. ಅವರ ಮನೆಯಲ್ಲಿ ನಾವು ಮೂವರು, ಮುಂದೆ ಚುರುಮುರಿ. ಕರೆಂಟ್ ಬಿಲ್ ಕಟ್ಟುವುದು, ಪಂಚಾಂಗ ನೋಡುವುದು ಬಿಟ್ಟರೆ ಕಂಪ್ಯೂಟರಿನ ಸುದ್ದಿಗೇ ಹೋಗದ ಮನುಷ್ಯ ಇವರು. ರಾಜುಗೆ ಅನುಮಾನ ಬಂತು. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಗಿರಾಕಿ ಮುಖ ನೋಡಿಯೇ ಕಾಯಿಲೆ ಹೇಳುತ್ತಾನೆ.

"ಯಾಕಣ್ಣ, ಅಷ್ಟು ಅರ್ಜೆಂಟು?"

"ಸ್ಲೋ ಆಗಿದೆ ಕಣೋ."

"ಸ್ಲೋ ಆದರೆ ಇಷ್ಟು ಮೆಲ್ಲಗೆ ಯಾಕೆ ಮಾತಾಡ್ತೀರಿ?"

ಪುಟ್ಟಸ್ವಾಮಿ ಕುರ್ಚಿ ಹತ್ತಿರ ಎಳೆದುಕೊಂಡ. "ಏನು ನೋಡಿದಿರಿ ಹೇಳಿಬಿಡಿ. ನಾವೇನು ಹೊರಗಿನವರಾ?"

ಶೀನಣ್ಣ ಅಡುಗೆಮನೆ ಕಡೆ ಒಮ್ಮೆ ನೋಡಿದರು. ಆಮೇಲೆ ಬೋಳುತಲೆ ಸವರಿಕೊಂಡು, "ವಿಗ್ಗು" ಎಂದರು.

ಸುಮ್ನೆ ರೇಟ್ ಎಷ್ಟಿರಬಹುದು ಅಂತ ನೋಡಿದ್ದಂತೆ. ಮಾರನೆಯ ದಿನ ಸೊಸೆ ಹೋಳಿಗೆ ಮಾಡೋದು ಹೇಗೆ ಅಂತ ಹುಡುಕಿದ್ದಾಳೆ. ಕಡಲೆಬೇಳೆ ಒಂದು ಪಾವು ಅನ್ನುವ ಸಾಲಿನ ಪಕ್ಕದಲ್ಲೇ ಜಾಹೀರಾತಿನಲ್ಲಿ ಒಬ್ಬ ನಗುತ್ತಾ ನಿಂತಿದ್ದಾನೆ, ಎಡಗಡೆ ಬೋಳು, ಬಲಗಡೆ ದಟ್ಟ ಕೂದಲು. ಹೂರಣ ರುಬ್ಬುವ ಹೊತ್ತಿಗೆ ಇನ್ನೊಬ್ಬ ಬಂದಿದ್ದಾನೆ. ಮನೆಯಲ್ಲಿ ಬೋಳುತಲೆ ಇರುವುದು ಒಂದೇ. ತನಿಖೆ ಬೇಕಾಗಲಿಲ್ಲ.

"ಅದು ಟೆಂಪರರಿ ಫೈಲಿನ ಕೆಲಸ ಅಲ್ಲಣ್ಣ" ಎಂದ ರಾಜು. "ಅದು ಕುಕ್ಕಿ."

"ಎರಡೂ ಒಂದೇ ಅಲ್ವಾ?"

"ಅಲ್ಲ. ನೀವು ನೋಡಿದ ಪುಟದ ಚಿತ್ರ, ಲೋಗೊ, ಅಕ್ಷರದ ಫಾಂಟು ಇವನ್ನೆಲ್ಲ ಬ್ರೌಸರ್ ಡಿಸ್ಕಿನಲ್ಲಿ ಎತ್ತಿಟ್ಟುಕೊಳ್ಳುತ್ತೆ. ಮತ್ತೆ ಅದೇ ಪುಟಕ್ಕೆ ಹೋದಾಗ ಮೊದಲಿಂದ ಇಳಿಸಿಕೊಳ್ಳೋದು ತಪ್ಪುತ್ತೆ. ಅದು ಕ್ಯಾಶ್. ಒಗ್ಗರಣೆಗೆ ಒಂದು ಚಮಚ ಸಾಸಿವೆ ಬೇಕು ಅಂತ ಅತ್ತಿಗೆ ದಿನಾ ಅಂಗಡಿಗೆ ಹೋಗ್ತಾರಾ? ಡಬ್ಬದಲ್ಲಿ ಇಟ್ಟಿರ್ತಾರೆ. ಇದೂ ಅಷ್ಟೆ."

"ಹಾಗಾದರೆ ಈ ಕುಕ್ಕಿ?"

"ಅದು ಚೀಟಿ. ಇವರು ಯಾರು, ಹಿಂದೆ ಏನು ನೋಡಿದರು ಅಂತ ಗುರುತು ಹಿಡಿಯೋಕೆ ವೆಬ್‌ಸೈಟ್ ನಿಮ್ಮ ಬ್ರೌಸರಿನಲ್ಲೇ ಇಟ್ಟು ಹೋಗೋ ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಅನ್ನೋರು ತಂದಿದ್ದು. ಆನ್‌ಲೈನ್ ಅಂಗಡಿಯ ಬುಟ್ಟಿಯಲ್ಲಿ ಏನಿದೆ ಅಂತ ನೆನಪಿರಲಿ ಅಂತ."

"ಆ ಪುಣ್ಯಾತ್ಮ ಬುಟ್ಟಿಗೆ ಮಾಡಿದ್ದು ನನ್ನ ಬುರುಡೆಗೆ ಬಂತಲ್ಲಯ್ಯಾ!"

ಜಾಹೀರಾತಿನವರಿಗೆ ಇದರ ರುಚಿ ಹತ್ತಿದ್ದು ಆಮೇಲೆ. ನಾವು ನೋಡುವ ಸೈಟಿನವರಲ್ಲದೆ ಜಾಹೀರಾತಿನವರಂಥ ಬೇರೆಯವರು ಇಡುವ ಈ ಚೀಟಿಗಳನ್ನು ನಮ್ಮ ಕ್ರೋಮ್ ಬ್ರೌಸರಿನಿಂದ ತೆಗೆದೇ ಬಿಡುತ್ತೇವೆ ಅಂತ ಗೂಗಲ್ 2020ರಲ್ಲಿ ಹೇಳಿತ್ತು. ಮುಂದೂಡಿ ಮುಂದೂಡಿ, 2024ರಲ್ಲಿ ಆ ಯೋಚನೆಯನ್ನೇ ಕೈಬಿಟ್ಟಿತು. ತನ್ನ ಅನ್ನಕ್ಕೆ ತಾನೇ ಯಾರು ಮಣ್ಣು ಹಾಕಿಕೊಳ್ತಾರೆ?

ಏನೇ ಆಗಲಿ ಅಡಗಿದ ಫೈಲನ್ನು ಕಣ್ಣಾರೆ ನೋಡಲೇಬೇಕು ಅಂತ ಶೀನಣ್ಣ ಹಟ ಹಿಡಿದರು. ರಾಜು ಫೈಲ್ ಎಕ್ಸ್‌ಪ್ಲೋರರ್ ತೆರೆದ. ವ್ಯೂ, ಶೋ, ಹಿಡನ್ ಐಟಮ್ಸ್. ಸಿ ಡ್ರೈವಿನ ಯೂಸರ್ಸ್ ಒಳಗೆ, ಶೀನಣ್ಣನ ಹೆಸರಿನ ಫೋಲ್ಡರಿನಲ್ಲಿ, ಅಷ್ಟು ಹೊತ್ತು ಇಲ್ಲದ ಆಪ್‌ಡೇಟಾ ಅನ್ನುವ ಫೋಲ್ಡರ್ ಮಸುಕು ಮಸುಕಾಗಿ ಎದ್ದು ಬಂತು.

"ಕಳ್ಳ! ಇಷ್ಟು ದಿನ ಇಲ್ಲೇ ಇದ್ದನಾ?"

"ಅವನು ಕಳ್ಳ ಅಲ್ಲಣ್ಣ. ಕೈ ಹಾಕಿ ಕೆಡಿಸಿಬಿಟ್ಟೀರಿ ಅಂತ ಮೈಕ್ರೋಸಾಫ್ಟಿನವರೇ ಮರೆ ಮಾಡಿದ್ದಾರೆ. ಎಷ್ಟೋ ಪ್ರೋಗ್ರಾಮುಗಳ ಸೆಟ್ಟಿಂಗ್ ಇರೋದು ಇದರೊಳಗೇ. ಇಡೀ ಫೋಲ್ಡರ್ ಡಿಲೀಟ್ ಮಾಡಿಕೊಂಡು ನನ್ನ ಅಂಗಡಿಗೆ ಬರೋರು ಇದ್ದಾರೆ."

ಲೋಕಲ್, ಗೂಗಲ್, ಕ್ರೋಮ್ ಅಂತ ಇಳಿದು ಇಳಿದು ಕ್ಯಾಶ್ ಫೋಲ್ಡರ್ ಮುಟ್ಟಿದೆವು. ಶೀನಣ್ಣ ಕನ್ನಡಕ ಒರೆಸಿಕೊಂಡು ಬಗ್ಗಿದರು. ಒಳಗೆ ನೋಡಿದರೆ ಎಫ್, ಅಡ್ಡಗೆರೆ, ಸೊನ್ನೆ ಸೊನ್ನೆ ಸೊನ್ನೆ ಏನೋ. ಕೆಳಗೆ ಅಂಥದ್ದೇ ಇನ್ನೊಂದು. ಅದರ ಕೆಳಗೆ ಮತ್ತೊಂದು.

"ಇದರಲ್ಲಿ ವಿಗ್ಗು ಯಾವುದಯ್ಯಾ?"

ಯಾರಿಗೆ ಗೊತ್ತು! ಹೋಳಿಗೆಯೂ ಅದರಲ್ಲೇ ಇರಬೇಕು.

ಪುಟ್ಟಸ್ವಾಮಿಗೆ ಹಳೆಯ ಕಾಲ ನೆನಪಾಯಿತು. ಆಗೆಲ್ಲ ಸೈಬರ್ ಸೆಂಟರಿನಲ್ಲಿ ಯೂಟ್ಯೂಬ್ ವಿಡಿಯೊ ಒಮ್ಮೆ ಪೂರ್ತಿ ಓಡಿದರೆ, ಟೆಂಪರರಿ ಇಂಟರ್‌ನೆಟ್ ಫೈಲ್ಸ್ ಅನ್ನುವ ಫೋಲ್ಡರಿನ ಒಳಗೆ ಎಫ್‌ಎಲ್‌ವಿ ಅನ್ನುವ ವಿಡಿಯೊ ಫೈಲಾಗಿ ಸಿಗುತ್ತಿತ್ತು. ಹುಡುಗರು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗುತ್ತಿದ್ದರು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದ ಇಂಡೆಕ್ಸ್ ಡಾಟ್ ಡ್ಯಾಟ್ ಅನ್ನುವ ಫೈಲಂತೂ ಮಹಾ ಹಟಮಾರಿ. ನೋಡಿದ ವಿಳಾಸಗಳ ಲೆಕ್ಕವೆಲ್ಲ ಅದರಲ್ಲಿ. ವಿಂಡೋಸ್ ಅದನ್ನು ಹಿಡಿದುಕೊಂಡೇ ಕೂತಿರುತ್ತಿತ್ತು, ಡಿಲೀಟ್ ಒತ್ತಿದರೆ ಬಳಕೆಯಲ್ಲಿದೆ ಅನ್ನುವ ಉತ್ತರ. 2022ರ ಜೂನ್ 15ಕ್ಕೆ ಆ ಬ್ರೌಸರಿಗೇ ನಿವೃತ್ತಿ ಆಯಿತು. ಪಿಂಚಣಿ ಇಲ್ಲ.

"ಹೀಗೆ ಒಂದೊಂದೇ ಇಣುಕೋದು ಯಾಕೆ? ಕ್ಲೀನರ್ ಸಾಫ್ಟ್‌ವೇರ್ ಹಾಕಿದರೆ ಆಯ್ತಪ್ಪ" ಎಂದ ಪುಟ್ಟಸ್ವಾಮಿ.

ರಾಜು ಸಿಡುಕಿದ. "2017ರಲ್ಲಿ ಸಿಸಿಕ್ಲೀನರ್ ಅನ್ನೋ ಹೆಸರುವಾಸಿ ಸಾಫ್ಟ್‌ವೇರಿನ ಒಳಗೇ ಕಿಡಿಗೇಡಿಗಳು ಕೋಡ್ ತೂರಿಸಿದ್ದರು. 20 ಲಕ್ಷಕ್ಕೂ ಜಾಸ್ತಿ ಕಂಪ್ಯೂಟರಿಗೆ ಹೋಗಿತ್ತು. ಕಸ ಗುಡಿಸೋಕೆ ಕರೆದವನೇ ಕಸ ತಂದು ಸುರಿದ. ಬ್ರೌಸರಿನಲ್ಲೇ ವ್ಯವಸ್ಥೆ ಇರುವಾಗ ಹೊರಗಿನವರು ಯಾಕೆ?"

ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದು ನಡೆಯುತ್ತದೆ. ಏನೇನು ಅಳಿಸಲಿ ಅಂತ ಬ್ರೌಸರ್ ಕೇಳಿತು. ನೋಡಿದ ಪುಟಗಳ ಪಟ್ಟಿ ಒಂದು, ಕುಕ್ಕಿ ಒಂದು, ಕ್ಯಾಶ್ ಒಂದು. ಎಷ್ಟು ಹಿಂದಿನದು ಅನ್ನುವ ಕಡೆ ಆಲ್ ಟೈಮ್ ಆರಿಸಬೇಕು. ಕೊನೆಯ ಒಂದು ಗಂಟೆ ಅಂತ ಬಿಟ್ಟರೆ ಅಷ್ಟೇ ಹೋಗುತ್ತದೆ, ವಿಗ್ಗು ಅಲ್ಲೇ ಉಳಿಯುತ್ತದೆ.

ಶೀನಣ್ಣ ಬೆರಳು ಎತ್ತಿಬಿಟ್ಟರು. ರಾಜು ಕೈ ಹಿಡಿದುಕೊಂಡ.

"ತಡೀರಿ. ಕುಕ್ಕಿ ಅಳಿಸಿದರೆ ಲಾಗಿನ್ ಆಗಿದ್ದ ಸೈಟುಗಳೆಲ್ಲ ನಿಮ್ಮನ್ನು ಹೊರಗೆ ಹಾಕುತ್ತವೆ. ಸೊಸೆ ಆಫೀಸ್ ಕೆಲಸಕ್ಕೂ ಇದನ್ನೇ ಬಳಸ್ತಾಳಾ?"

"ಹೌದು."

"ಪಾಸ್‌ವರ್ಡ್ ನೆನಪಿದೆಯಾ ಕೇಳಿ. ಇಲ್ಲದಿದ್ದರೆ ನಾಳೆ ಬೆಳಗ್ಗೆ ಎರಡನೇ ತನಿಖೆ."

ಸೊಸೆಯನ್ನು ಕೇಳುವ ಧೈರ್ಯ ಅವರಿಗಿರಲಿಲ್ಲ. ಕಡೆಗೆ ವಿಗ್ಗಿನ ಸೈಟುಗಳ ಕುಕ್ಕಿ ಮಾತ್ರ ಸೆಟ್ಟಿಂಗ್ಸಿನಲ್ಲಿ ಹುಡುಕಿ ಅಳಿಸಿದ್ದಾಯಿತು. ಕ್ಯಾಶ್ ಪೂರ್ತಿ ಅಳಿಸಿದ್ದಾಯಿತು. ಸಿಕ್ಕ ಜಾಗ ಮುನ್ನೂರು ಚಿಲ್ಲರೆ ಎಂಬಿ.

"ಇಷ್ಟೇನಾ?" ಶೀನಣ್ಣನಿಗೆ ನಿರಾಸೆ. "ಹಾಗಾದರೆ ಕಂಪ್ಯೂಟರ್ ತುಂಬಿರೋದು ಯಾವುದರಿಂದ?"

ರಾಜು ಡೌನ್‌ಲೋಡ್ಸ್ ಫೋಲ್ಡರ್ ತೆರೆದ. ಅದೇನೂ ಅಡಗಿರಲಿಲ್ಲ. ನಡುಮನೆಯಲ್ಲಿ ಮಂಚ ಹಾಕಿಕೊಂಡು ಮಲಗಿತ್ತು. ಮಗಳ ಸೀಮಂತದ ವಿಡಿಯೊ. ಅದರ ಪಕ್ಕ ಅದೇ ವಿಡಿಯೊ, ಹೆಸರಿನ ಮುಂದೆ 1. ಆಮೇಲೆ 2. ಆಮೇಲೆ 3. ಕರೆಂಟ್ ಬಿಲ್ ಪ್ರತಿ ತಿಂಗಳದೂ ಇದೆ, ಕೆಲವು ತಿಂಗಳದು ನಾಲ್ಕು ನಾಲ್ಕು ಸಲ. ಡೌನ್‌ಲೋಡ್ ಆಯಿತೋ ಇಲ್ಲವೋ ಅಂತ ಮತ್ತೆ ಮತ್ತೆ ಒತ್ತಿದ್ದರಂತೆ. ಎಲ್ಲ ಸೇರಿ 41 ಜಿಬಿ.

"ಇದನ್ನು ಅಳಿಸಲಾ?"

"ಸೀಮಂತದ್ದು ಬೇಡ" ಎಂದರು ಶೀನಣ್ಣ.

"ನಾಲ್ಕು ಇದೆಯಲ್ಲಣ್ಣ!"

"ಇರಲಿ ಬಿಡೋ. ಯಾವುದು ಒರಿಜಿನಲ್ಲೋ ಏನೋ."

ಪುಟ್ಟಸ್ವಾಮಿ ಚುರುಮುರಿಯ ತಳ ಕೆರೆಯುತ್ತಾ, "ಇನ್ನು ಮುಂದೆ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನೋಡಿ ಅಣ್ಣ. ಕಿಟಕಿ ಮುಚ್ಚಿದರೆ ಈ ಕಂಪ್ಯೂಟರಿನಲ್ಲಿ ಹಿಸ್ಟರಿಯೂ ಉಳಿಯಲ್ಲ, ಕುಕ್ಕಿಯೂ ಉಳಿಯಲ್ಲ" ಎಂದ. ಇಂಟರ್‌ನೆಟ್ ಕೊಡುವವನಿಗೆ ಆಗಲೂ ಗೊತ್ತಾಗುತ್ತೆ ಅಂತ ರಾಜು ಸೇರಿಸಿದ. ಅವನಿಗೆ ಗೊತ್ತಾದರೆ ಆಗಲಿ, ಅವನೇನು ನಮ್ಮ ಮನೆಗೆ ಹೋಳಿಗೆ ತಿನ್ನೋಕೆ ಬರ್ತಾನಾ ಅಂದರು ಶೀನಣ್ಣ. ಮುಖದಲ್ಲಿ ಮೊದಲ ಸಲ ಕಳೆ ಬಂದಿತ್ತು.

"ಇನ್ನೊಂದು ಬಾಕಿ ಇದೆ" ಎಂದ ರಾಜು. "ಹುಡುಕಿದಾಗ ಗೂಗಲ್ ಅಕೌಂಟಿಗೆ ಲಾಗಿನ್ ಆಗಿದ್ದಿರಾ? ಹಾಗಿದ್ದರೆ ಅವರ ಹತ್ತಿರವೂ ಒಂದು ಪಟ್ಟಿ ಇರುತ್ತೆ. ಅದನ್ನು ಮೈ ಆ್ಯಕ್ಟಿವಿಟಿ ಪುಟಕ್ಕೆ ಹೋಗಿ ಬೇರೆಯಾಗಿ ಅಳಿಸಬೇಕು. ಅದೇ ಅಕೌಂಟ್ ಬೇರೆ ಫೋನಿನಲ್ಲಿದ್ದರೆ ಅಲ್ಲೂ ಇದೇ ಜಾಹೀರಾತು ಬರಬಹುದು."

ಶೀನಣ್ಣನ ಕಳೆ ಹೋಯಿತು.

ಕಾಫಿ ಲೋಟಗಳ ತಟ್ಟೆ ಹಿಡಿದು ಅತ್ತಿಗೆ ಹೊರಗೆ ಬಂದರು. "ನನ್ನ ಫೋನಿನಲ್ಲಿರೋದು ಇವರ ಅಕೌಂಟೇ ಅಲ್ವಾ ರಾಜು? ಮಗ ಹಾಗೇ ಹಾಕಿಕೊಟ್ಟಿದ್ದ. ಒಂದು ವಾರದಿಂದ ನೋಡ್ತಾ ಇದ್ದೀನಿ." ಗಂಡನ ಕೈಗೆ ಲೋಟ ಕೊಟ್ಟರು. "ಆ ಎಡಕ್ಕೆ ಬೈತಲೆ ತೆಗೆದಿರೋದು ಬೇಡ ಕಣ್ರೀ. ಹಿಂದಕ್ಕೆ ಬಾಚಿದ್ದಿದೆಯಲ್ಲ, ಅದೇ ವಾಸಿ."